ಪ್ರತಿ: ಸ್ಟೇಷನ್ ಮಾಸ್ಟರ್, ಅಜ್ಜಂಪುರ

ಆ ಕಾಗದ ಓದಿ ಮುಗಿಸಿದ ರುದ್ರಮೂರ್ತಿ ಸಾರ್ ಕನ್ನಡಕ ತೆಗೆದು ಒರೆಸಿದರು, ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಮುಖ ನೋಡದೆ ಮೇಜಿನ ಮೇಲೆಯೇ ಅದನ್ನು ನನ್ನ ಕಡೆ ಸರಿಸಿದರು.

ಅವರು ಅಜ್ಜಂಪುರದ ಸ್ಟೇಷನ್ ಮಾಸ್ಟರ್. ನಾನು ಅಲ್ಲಿ ಟಿಕೆಟ್ ಕೊಡುವ ಬುಕಿಂಗ್ ಕ್ಲರ್ಕ್. ಕಾಗದ ಬರೆದವರು ನಮ್ಮ ಲೆಕ್ಕ ತಪಾಸಣೆಗೆ ಬರುವ ಅಕೌಂಟ್ಸ್ ಇನ್‌ಸ್ಪೆಕ್ಟರ್ ಪ್ರಸನ್ನಕುಮಾರ್. ಬರೆದದ್ದು ತಮ್ಮ ಮೇಲಧಿಕಾರಿಗೆ. ನಮಗೆ ಬಂದದ್ದು ಅದರ ಪ್ರತಿ.

'ಅಜ್ಜಂಪುರದ ಬುಕಿಂಗ್ ಕ್ಲರ್ಕ್ ಶ್ರೀಮತಿ ಯಶೋದಾ ಅವರ ಬಗ್ಗೆ ನನ್ನ ಮನಸ್ಸಿನಲ್ಲಿ ಒಲವು ಮೂಡಿರುವುದರಿಂದ, ಆ ಸ್ಟೇಷನ್ನಿನ ತಪಾಸಣೆಯನ್ನು ಬೇರೆಯವರಿಗೆ ವಹಿಸಬೇಕಾಗಿ ಕೋರುತ್ತೇನೆ.'

ನನಗೆ ಆ ಮನುಷ್ಯ ಅವತ್ತಿನವರೆಗೆ ಈ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಮಧ್ಯಾಹ್ನದೊಳಗೆ ಕಡೂರು ಕೌಂಟರಿನ ದೀಪಶ್ರೀ ಫೋನ್ ಮಾಡಿದಳು. "ಅಕ್ಕಾ, ಬೀರೂರಿಗೂ ಗೊತ್ತಾಯ್ತು, ನಮಗೂ ಗೊತ್ತಾಯ್ತು. ನಿಮಗೇ ಕೊನೇಲಿ ಗೊತ್ತಾಗಿದ್ದಂತೆ, ಹೌದೇನಕ್ಕಾ?"

ಸುಳಿವೇ ಇರಲಿಲ್ಲ ಎಂದರೆ ಸುಳ್ಳಾದೀತು. ಮೂರು ವರ್ಷದಿಂದ ಅವರು ಹೇಳದೆ ಕೇಳದೆ ಬರುತ್ತಿದ್ದರು. ತಪಾಸಣೆ ಎಂದರೆ ಹಾಗೆಯೇ. ಕಿಟಕಿಗೆ ಬೆನ್ನು ಹಾಕಿ ಕೂತು ರಿಜಿಸ್ಟರ್ ಬಿಚ್ಚುವರು. ಪುಟ ತಿರುವುವಾಗ ಕಣ್ಣು ಮೆಲ್ಲಗೆ ಮೇಲೆದ್ದು ನನ್ನ ಬಳೆಯವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಬರಲು ಧೈರ್ಯ ಸಾಲದೆ ಮತ್ತೆ ಕಾಗದಕ್ಕೆ ಇಳಿಯುತ್ತಿತ್ತು. ನಾನು ನೋಡಿಬಿಟ್ಟರೆ, ಅವಸರದಲ್ಲಿ ಯಾವುದೋ ತಾರೀಖು ಕೇಳುವರು.

ಈ ಮನುಷ್ಯ ಮೂರು ಕಾದಂಬರಿ ಬರೆದಿದ್ದಾರೆಂದರೆ ನಾನು ನಂಬಿರಲಿಲ್ಲ. ನನ್ನ ಮನೆ ಇರುವ ತರೀಕೆರೆಯ ಲೈಬ್ರರಿಯಲ್ಲಿ ಒಂದು ಸಿಕ್ಕಿತು. ಮನೆಯಿಂದ ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಓದಿದೆ. ಅದರಲ್ಲಿ ಇಬ್ಬರು ಹುಣಸೆಮರದಡಿ ಕೂತು ನೂರು ಪುಟ ಮಾತಾಡುತ್ತಾರೆ. ಇಷ್ಟೆಲ್ಲ ಮಾತು ಇವರೊಳಗೆ ಎಲ್ಲಿ ಅಡಗಿತ್ತು ಎಂದು ಯೋಚಿಸುತ್ತ ಕೂತವಳು, ಇಳಿಯುವ ಸ್ಟಾಪ್ ದಾಟಿ ಹೋಗಿದ್ದೆ.

ಕಾಗದ ಬಂದ ದಿನ ಮನೆಗೆ ಹೋದರೆ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆದೆ. ಮಡಚಿದ ಬಟ್ಟೆ ಬಿಚ್ಚಿ ಮಡಚಿದೆ. ಹತ್ತನೇ ಕ್ಲಾಸಿನ ಮಗಳು ಕೃತಿಕಾ ಪುಸ್ತಕದಿಂದ ತಲೆ ಎತ್ತಿ, "ಒಂದು ಕಡೆ ಕೂತ್ಕೊಳಮ್ಮ, ನೋಡೋಕೇ ಸುಸ್ತಾಗುತ್ತೆ" ಅಂದಳು.

ಖುಷಿಯಾಗಿತ್ತು, ಹೌದು. ಆದರೆ ಅದರ ಬೆನ್ನಿಗೇ ಭಯ. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದಲ್ಲಿ ಸಿಕ್ಕ ಕೆಲಸ ನನ್ನದು. ಪುಕ್ಕಟೆ ನೌಕರಿ ಎಂದು ಆಡಿಕೊಂಡವರ ಬಾಯಿ ಮುಚ್ಚಿಸಿದ್ದು, ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲವೆಂಬ ಮೂರು ವರ್ಷದ ವರದಿಗಳು. ಅವುಗಳ ಕೆಳಗೆ ಇದ್ದದ್ದು ಇವರ ಸಹಿ.

ವಾರದ ರಜೆಯ ದಿನ, ಪ್ರಸನ್ನಕುಮಾರ್ ತಪಾಸಣೆಗೆ ಬಂದಿದ್ದಾರೆಂದು ದೀಪಶ್ರೀ ಹೇಳಿದ ಮೇಲೆ, ಕಡೂರಿಗೆ ಹೋದೆ. ಅವರು ಅಲ್ಲಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಏನೋ ಬರೆಯುತ್ತಿದ್ದರು. ನನ್ನನ್ನು ಕಂಡವರೇ ಎದ್ದರು, ಪೆನ್ನಿನ ಕ್ಯಾಪ್ ಉರುಳಿ ಹಳಿಗೆ ಬಿತ್ತು.

"ಪುಸ್ತಕದಲ್ಲಿ ನೂರು ಪೇಜ್ ಮಾತಾಡಿಸ್ತೀರಿ. ನಂಗೊಂದು ಮಾತು ಹೇಳೋಕಾಗ್ಲಿಲ್ವಾ ಸಾರ್?"

"ಮೊದಲೇ ಹೇಳಿದ್ರೆ ಇನ್‌ಸ್ಪೆಕ್ಟರ್ ಕೇಳ್ದಂಗಾಗ್ತಿತ್ತು," ಎಂದರು. "ಬೇಡ ಅನ್ನೋಕೆ ನೀವು ಹೆದರ್ತಿದ್ರಿ. ನಿಮ್ಮ ಲೆಕ್ಕ ನನ್ನ ಕೈ ಬಿಟ್ಟ ಮೇಲೆ ಕೇಳೋಣ ಅಂದ್ಕೊಂಡೆ. ಪ್ರತಿ ನಿಮ್ಮ ಸ್ಟೇಷನ್ನಿಗೂ ಹೋಗುತ್ತೆ ಅಂತ ಹೊಳೀಲೇ ಇಲ್ಲ."

ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಇಷ್ಟಪಟ್ಟಿರಲಿಲ್ಲ. ಆದರೂ ಹೇಳಲೇಬೇಕಿತ್ತು.

"ನನ್ನ ಮೂರು ವರ್ಷದ ರಿಪೋರ್ಟ್‌ಗಳು? ಅವೆಲ್ಲಾ ಒಲವಿಂದ ಬಂದಿದ್ದು ಅಂತಾರೆ ಈಗ. ದುಡಿದು ಸಂಪಾದಿಸಿದ್ದು ಅದೊಂದೇ ಕಣ್ರೀ ನಾನು."

ಅವರ ಮುಖ ಬಿಳುಚಿಕೊಂಡಿತು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಸಮಾಧಾನದ ಮಾತು ಹೇಳಲಿಲ್ಲ, ತಪ್ಪಾಯಿತು ಎಂದಷ್ಟೇ ಅಂದರು.

ಎಲ್ಲ ಲೆಕ್ಕವನ್ನೂ ಬೇರೊಬ್ಬರು ಮೊದಲಿಂದ ನೋಡಲಿ ಎಂದು ಮರುದಿನ ನಾನೇ ಅರ್ಜಿ ಕೊಟ್ಟೆ. ವರದಿ ಬರುವವರೆಗೆ ಫೋನ್ ಮಾಡಬೇಡಿ ಎಂದು ಅವರಿಗೂ ಹೇಳಿದ್ದೆ. ಅವರು ಮಾಡಲಿಲ್ಲ. ನಲವತ್ತು ದಿನ. ಮಾಡಬಾರದೇ ಎಂದು ನಾನೇ ನೂರು ಸಲ ಫೋನ್ ತಿರುವಿ ನೋಡಿದೆ.

ಕೊನೆಗೆ ಧರ್ಮೇಶ್ ಎಂಬ ಹೊಸ ಇನ್‌ಸ್ಪೆಕ್ಟರ್ ಬಂದು ಮೂರು ದಿನ ಕೂತು ಜಾಲಾಡಿದರು. ನಾಲ್ಕನೆಯ ದಿನ ರುದ್ರಮೂರ್ತಿ ಸಾರ್ ಅವರ ಎದುರಿಗೇ ನನಗೆ ಹೇಳಿದರು. "ಒಂದೇ ಒಂದು ತಪ್ಪು ಸಿಕ್ತು ಮೇಡಂ. ನಿಮ್ದಲ್ಲ, ನಮ್ಮ ಸಾಹಿತಿಗಳದ್ದು. ಹೋದ ವರ್ಷ ನಿಮ್ಮಿಂದ ಹದಿನೆಂಟು ರೂಪಾಯಿ ಹೆಚ್ಚಿಗೆ ಕಟ್ಟಿಸ್ಕೊಂಡಿದಾರೆ."

ರುದ್ರಮೂರ್ತಿ ಸಾರ್ ನಕ್ಕು ನಕ್ಕು ಕೆಮ್ಮಿದರು. ನಾನು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಕೌಂಟರ್ ತೆಗೆದೆ.

ಎರಡು ದಿನ ಬಿಟ್ಟು, ಟಿಕೆಟ್ ಸಾಲಿನಲ್ಲಿ ಎಂಟನೆಯವರಾಗಿ ಅವರು ನಿಂತಿದ್ದರು. ಕೈಯಲ್ಲಿ ಫೈಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಆಗಲೇ ಬೆವರಿಗೆ ನೆನೆದಿತ್ತು. ಒಬ್ಬೊಬ್ಬರೇ ಸರಿದಂತೆ ನನ್ನ ಬೆರಳು ಕೀಬೋರ್ಡಿನಲ್ಲಿ ತಡವರಿಸತೊಡಗಿತು. ಅವರು ಕಿಂಡಿಗೆ ಬಂದರು. ಈ ಸಲ ಕಣ್ಣು ಬಳೆಯಲ್ಲಿ ನಿಲ್ಲಲಿಲ್ಲ.

"ಎಲ್ಲಿಗೆ ಸಾರ್?"

"ಎಲ್ಲಿಗೂ ಇಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ನೀವು ಬೇಡ ಅಂದ್ರೂ ಸರಿ."

ಅವರ ಹಿಂದಿದ್ದ ಅಜ್ಜ ಕಿಂಡಿಗೆ ಬಾಗಿ, "ಏನಾರ ಒಂದು ಹೇಳ್ಬಿಡವ್ವ, ರೈಲು ಬತ್ತದೆ" ಅಂದ.

ಅವರನ್ನು ಪಕ್ಕಕ್ಕೆ ನಿಲ್ಲಲು ಹೇಳಿದೆ. ಅಜ್ಜನಿಗೆ ಬೀರೂರಿಗೆ ಎರಡು ಕೊಟ್ಟೆ, ಉಳಿದವರಿಗೂ ಕೊಟ್ಟೆ. ರೈಲು ಬಂದು ಹೋಯಿತು. ಅವರು ಗೋಡೆಗೊರಗಿ ಅಲ್ಲೇ ನಿಂತಿದ್ದರು, ಕರ್ಚೀಫು ಹಿಂಡಿ ಹಿಂಡಿ ಹಗ್ಗವಾಗಿತ್ತು.

"ಎರಡಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ," ಎಂದೆ. "ಕೃತಿಕಾ ಮನೇಲಿರ್ತಾಳೆ, ಅವಳನ್ನೂ ನೀವೇ ಕೇಳ್ಬೇಕು. ತರೀಕೆರೆ ಬಸ್ಸಲ್ಲಿ ಹಿಂದಿನ ಸೀಟಿಗೆ ಹೋಗ್ಬೇಡಿ. ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನೋಡೋರು ನೋಡ್ಲಿ."