ನಿಂತ ಕಾರಿನಲ್ಲಿ ಹತ್ತು ನಿಮಿಷ

ನಮ್ಮ ನಾಯಿಮರಿಗೆ ಕಾರು ಹತ್ತಿದರೆ ವಾಂತಿ. ಅಕ್ಕನ ಊರು ಐನೂರು ಕಿಲೋಮೀಟರ್ ದೂರ. ಇವೆರಡರ ನಡುವೆ ಸಿಕ್ಕಿಹಾಕಿಕೊಂಡ ನಾನೂ ನನ್ನ ಗಂಡನೂ ಎರಡು ವಾರ ದಿನಾ ಸಂಜೆ ಮನೆ ಮುಂದೆ ನಿಲ್ಲಿಸಿದ ಕಾರಿನೊಳಗೆ ಸುಮ್ಮನೆ ಕೂತು, ಎದ್ದು ಬಂದೆವು.

ಅದು ನಾಯಿ ಡಾಕ್ಟರ ಅಪ್ಪಣೆ.

"ಮೊದಲನೇ ವಾರ ಎಂಜಿನ್ ಆಫ್. ಹತ್ತು ನಿಮಿಷ ಕೂತ್ಕೊಳ್ಳಿ, ಅಷ್ಟೇ," ಎಂದರು ಅವರು. "ಆಮೇಲೆ ಎಂಜಿನ್ ಆನ್ ಮಾಡಿ ಕೂತ್ಕೊಳ್ಳಿ. ಆಮೇಲೆ ಗೇಟ್ ತನಕ, ಆಮೇಲೆ ಬೀದಿ ತುದಿ ತನಕ. ಟ್ರಿಪ್‌ನಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂರ್ತೀರೋ ಹಾಗೇ ಕೂರ್ಬೇಕು. ಮತ್ತೆ ಮೆತ್ತಗೆ ಮಾತಾಡ್ತಾ ಇರಿ. ಮನೆಯವರ ಧ್ವನಿ ಕೇಳ್ತಿದ್ರೆ ಮರಿಗೆ ಭಯ ಇರಲ್ಲ."

"ಏನು ಮಾತಾಡೋದು?" ಎಂದು ಕೇಳಿದರು ನನ್ನ ಗಂಡ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿದ್ದ ಬೆಕ್ಕಿನ ಚಿತ್ರ ನೋಡಿದೆ.

ಮರಿಯನ್ನು ಹಟ ಹಿಡಿದು ಮನೆಗೆ ತಂದವಳು ಹನ್ನೊಂದು ವರ್ಷದ ಮಗಳು. ಅದಕ್ಕೆ ಮ್ಯಾನೇಜರ್ ಎಂದು ಹೆಸರಿಟ್ಟವರು ನನ್ನ ಅತ್ತೆ. "ಕೆಲಸ ಒಂದೂ ಮಾಡಲ್ಲ, ಎಲ್ಲರ ಮೇಲೂ ಕೂಗಾಡುತ್ತೆ, ಎಲ್ಲದರಲ್ಲೂ ಮೂಗು ತೂರಿಸುತ್ತೆ. ಇನ್ನೇನು ಹೆಸರಿಡ್ಲಿ?" ಎಂಬುದು ಅವರ ವಾದ. ಮೂರು ತಿಂಗಳಲ್ಲಿ ಮ್ಯಾನೇಜರ್ ಸಾಹೇಬರು ಮೂರು ಜೊತೆ ಚಪ್ಪಲಿ, ಅರ್ಧ ಟಿವಿ ರಿಮೋಟು, ಅತ್ತೆಯ ಕನ್ನಡಕದ ಒಂದು ಕಡ್ಡಿ ಮುಗಿಸಿದ್ದರು. ಸೋಫಾದ ಒಂದು ಮೂಲೆಯಿಂದ ಹತ್ತಿ ಹೊರಗೆ ಬಂದಿತ್ತು. ಅದನ್ನು ಹೊಲಿಯಬೇಕೆಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ.

ಮೊದಲ ದಿನ ಎಲ್ಲರೂ ಕಾರಿನಲ್ಲಿ ಕೂತೆವು. ಅತ್ತೆಗೆ ಮಂಡಿ ಹಿಡಿಯಿತು. ಮಗಳಿಗೆ ನಗು ತಡೆಯಲಾಗಲಿಲ್ಲ, ಅವಳು ನಕ್ಕಾಗಲೆಲ್ಲ ಮರಿ ಸೀಟಿನ ಮೇಲೆ ಕುಣಿಯಿತು. ಎರಡನೇ ದಿನದಿಂದ ಅವರಿಬ್ಬರಿಗೂ ರಜೆ ಕೊಟ್ಟೆವು. ಉಳಿದವರು ನಾವಿಬ್ಬರು, ನನ್ನ ಮಡಿಲಲ್ಲಿ ಮ್ಯಾನೇಜರ್.

ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. "ಉಸಿರು ಹಿಡೀರಿ, ಅಲ್ಲಾಡಬೇಡಿ, ಬಿಡಿ" ಎಂದು ದಿನಕ್ಕೆ ಅರವತ್ತು ಸಲ ಹೇಳಿ ಮನೆಗೆ ಬರುವ ಹೊತ್ತಿಗೆ ಮಗಳನ್ನು ಊಟಕ್ಕೆ ಕರೆಯಲೂ ನನಗೆ ಬಾಯಿ ಬರುತ್ತಿರಲಿಲ್ಲ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ನಿಂತರೂ ಫೋನು ಇವರಿಗೇ. ನಮ್ಮ ಪರಿಚಯವಾಗಿದ್ದೂ ಹಾಗೆಯೇ. ಹದಿನೈದು ವರ್ಷದ ಹಿಂದೆ ಆಸ್ಪತ್ರೆಯ ಲಿಫ್ಟಿನಲ್ಲಿ ನಾನೊಬ್ಬಳೇ ಸಿಕ್ಕಿಕೊಂಡಿದ್ದೆ. ಬಾಗಿಲಾಚೆಯಿಂದ ಒಂದು ಧ್ವನಿ ನಲವತ್ತು ನಿಮಿಷ ನನ್ನ ಜೊತೆ ಮಾತಾಡಿತು. "ಹೆದರ್ಬೇಡಿ, ನಾನಿಲ್ಲೇ ಇದೀನಿ. ಬೆಳಿಗ್ಗೆ ಏನು ತಿಂಡಿ ತಿಂದ್ರಿ? ಏನೂ ತಿಂದಿಲ್ವಾ? ಹಾಗಾದ್ರೆ ನನ್ನ ಡಬ್ಬಿ ಇದೆ, ಹೊರಗೆ ಬಂದ ತಕ್ಷಣ ಅರ್ಧ ನಿಮಗೆ." ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವರು ಗ್ರೀಸ್ ಮೆತ್ತಿದ ಕೈಯ, ಕಿವಿ ಕೆಂಪಾದ ಒಬ್ಬ ಸಂಕೋಚದ ಮನುಷ್ಯ. ಒಂದೂ ಮಾತಾಡದೆ ಡಬ್ಬಿ ಮುಂದೆ ಹಿಡಿದರು. ಆ ಧ್ವನಿಗೆ ಮರುಳಾಗಿಯೇ ನಾನು ಅವರನ್ನು ಮದುವೆಯಾದೆ.

ಆ ಧ್ವನಿ ಈಗಲೂ ಇದೆ. ಲಿಫ್ಟಿನಲ್ಲಿ ಸಿಕ್ಕಿಬಿದ್ದ ಅಪರಿಚಿತರಿಗೆಲ್ಲ ಧಾರಾಳವಾಗಿ ಸಿಗುತ್ತದೆ. ಮನೆಗೆ ಬರುವಷ್ಟರಲ್ಲಿ ಖಾಲಿ.

"ಊಟ?"

"ಹೂಂ."

"ನಾಳೆ ಬೇಗ ಹೋಗ್ಬೇಕಾ?"

"ಹೂಂ."

ಜಗಳವಾದರೂ ಆಡುತ್ತಿದ್ದೆವಾ ಎಂದರೆ ಅದೂ ಇಲ್ಲ. ಜಗಳಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕಲ್ಲ.

ಅದಕ್ಕೇ ನಾನೊಂದು ನಿರ್ಧಾರ ಮಾಡಿದ್ದೆ. ಅಕ್ಕನ ಊರಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ವಿಭಾಗಕ್ಕೆ ಜನ ಬೇಕಾಗಿದ್ದರು. ಮಗಳಿಗೆ ರಜೆ ಶುರುವಾಗಿತ್ತು. ಟ್ರಿಪ್ ಮುಗಿದು ಎಲ್ಲರೂ ವಾಪಸ್ ಹೊರಡುವಾಗ ನಾನೂ ಮಗಳೂ ಅಲ್ಲೇ ಉಳಿದುಬಿಡುವುದು. "ಸ್ವಲ್ಪ ದಿನ" ಎಂದು ಅಕ್ಕನಿಗೆ ಹೇಳಿದ್ದೆ. ಎಷ್ಟು ದಿನ ಎಂದು ಅವಳು ಕೇಳಲಿಲ್ಲ, ಮಹಡಿ ಮೇಲಿನ ರೂಮು ಖಾಲಿ ಮಾಡಿಸುತ್ತೇನೆ ಎಂದಳು. ಗಂಡನಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಅದಕ್ಕೂ "ಹೂಂ" ಎಂದುಬಿಡುತ್ತಾರೇನೋ ಎಂಬ ಭಯ ನನಗೆ.

ಮೂರನೇ ಸಂಜೆ ಅವರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎದುರಿನ ಕಾಂಪೌಂಡ್ ಗೋಡೆಯನ್ನೇ ರಸ್ತೆ ಎಂದುಕೊಂಡವರ ಹಾಗೆ ನೋಡುತ್ತಾ ಕೂತಿದ್ದರು. ಮ್ಯಾನೇಜರ್ ಕುಂಯ್‌ಗುಟ್ಟಿತು.

"ಮಾತಾಡಿ ರೀ," ಎಂದೆ. "ಡಾಕ್ಟರು ಹೇಳಿದಾರೆ."

"ಹೂಂ."

"ಹೂಂ ಅನ್ನೋದು ಮಾತಲ್ಲ. ನೋಡಿ, ನಿಮ್ಮ ಬಾಯನ್ನೇ ನೋಡ್ತಿದೆ ಪಾಪ."

ಅವರು ಗಂಟಲು ಸರಿ ಮಾಡಿಕೊಂಡರು. ಮರಿಯ ಕಡೆ ಬಗ್ಗಿ, "ಏನಪ್ಪಾ ಮ್ಯಾನೇಜರೇ, ಇವತ್ತು ಒಂಬತ್ತನೇ ಮಹಡೀಲಿ ಒಬ್ಬರು ಅಜ್ಜಿ ಸಿಕ್ಕಿಕೊಂಡಿದ್ರು. ನಾನು ಕಷ್ಟಪಟ್ಟು ಬಾಗಿಲು ತೆಗೆದ್ರೆ ಹೊರಗೇ ಬರಲ್ಲ ಅಂದ್ರು. 'ಕಥೆ ಅರ್ಧಕ್ಕೆ ನಿಂತಿದೆ, ಮುಗಿಸಿಬಿಡಪ್ಪ ಮೊದಲು' ಅಂತ," ಎಂದರು.

ನಾನು ನಕ್ಕುಬಿಟ್ಟೆ. ನಕ್ಕು ಎಷ್ಟು ದಿನವಾಗಿತ್ತೋ, ನನ್ನ ನಗು ನನಗೇ ಹೊಸದಾಗಿ ಕೇಳಿಸಿತು. ಅವರು ಓರೆಗಣ್ಣಿನಲ್ಲಿ ನೋಡಿದರು. ಆ ನೋಟ ನನ್ನ ಕೆನ್ನೆಯ ಮೇಲೆ ಒಂದು ಕ್ಷಣ ನಿಂತು, ಕಿವಿಯ ಹಿಂದೆ ಸಿಕ್ಕಿಸಿದ್ದ ಕೂದಲಿಗೆ ಹೋಗಿ, ನಾನು ನೋಡಿಬಿಟ್ಟೆನೆಂದು ಗೊತ್ತಾದ ಕೂಡಲೇ ಪಕ್ಕದ ಕನ್ನಡಿಗೆ ಹಾರಿತು.

"ಅಜ್ಜಿಗೆ ಯಾವ ಕಥೆ ಹೇಳ್ತಿದ್ರಿ?"

"ಇನ್ಯಾವುದು? ನನ್ನ ಹೆಂಡತೀನೂ ಹೀಗೇ ಸಿಕ್ಕಿಕೊಂಡಿದ್ಲು, ಒಳಗಿನಿಂದಾನೇ ನನ್ನ ದಬಾಯಿಸಿದ್ಲು ಅಂತ." ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲರಿಗೂ ಅದನ್ನೇ ಹೇಳೋದು. ನನಗೆ ಬೇರೆ ಕಥೆ ಬರಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನ ಅಲಾರಂ ಹೊಡೆಯಿತು. ಹತ್ತು ನಿಮಿಷ ಮುಗಿದಿತ್ತು.

ಆಮೇಲಿನ ಸಂಜೆಗಳು ಒಂದರ ಹಿಂದೊಂದು ಹೀಗೇ ಹೋದವು. ಎರಡು ಮಾತು, ಒಂದು ನಗು, ಅಲಾರಂ. ಒಂದು ದಿನ ಇಬ್ಬರೂ ಒಟ್ಟಿಗೆ ಮರಿಯ ಬೆನ್ನು ಸವರುತ್ತಿದ್ದೆವು, ರೋಮದೊಳಗೆ ನಮ್ಮ ಬೆರಳುಗಳು ತಾಗಿದವು. ಅವರೂ ಕೈ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹದಿಮೂರು ವರ್ಷ ಸಂಸಾರ ಮಾಡಿದವಳಿಗೆ ಅಷ್ಟಕ್ಕೇ ಎದೆ ಹೊಡೆದುಕೊಳ್ಳಬೇಕಾ? ಹೊಡೆದುಕೊಂಡಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಹೊರಟು ನಿಂತವಳಿಗೆ ಇದೆಲ್ಲ ಈಗ ಯಾಕೆ?

ಆ ಸಿಟ್ಟಿನಲ್ಲೇ ಭಾನುವಾರ ಬಟ್ಟೆ ಜೋಡಿಸಿದೆ. ಆಸ್ಪತ್ರೆಗೆ ಹಾಕುವ ಎರಡು ಬಿಳಿ ಕೋಟುಗಳಲ್ಲಿ ಒಂದನ್ನು ಮಡಚಿ ಸೂಟ್‌ಕೇಸಿನ ತಳಕ್ಕಿಟ್ಟು ಮೇಲೆ ಟವೆಲು ಹೊದಿಸಿದೆ. ನಾಲ್ಕು ದಿನದ ಟ್ರಿಪ್‌ಗೆ ಕೆಲಸದ ಕೋಟು ಯಾರೂ ಒಯ್ಯುವುದಿಲ್ಲ. ಅದನ್ನು ಯಾರು ನೋಡಿದರೂ ನನ್ನ ಗುಟ್ಟು ರಟ್ಟಾದ ಹಾಗೆಯೇ.

ಬುಧವಾರ ಸಂಜೆ ಮಗಳ ಸಾಕ್ಸ್ ಹಾಕಲು ಸೂಟ್‌ಕೇಸ್ ತೆರೆದೆ. ಕೋಟು ತಳದಲ್ಲೇ ಇತ್ತು. ಆದರೆ ಅದು ನಾನು ಮಡಚಿದ ಕೋಟಲ್ಲ. ನಾನು ಎರಡು ಮಡಿಕೆ ಮಾಡಿ ಒತ್ತಿಬಿಡುವವಳು. ಇದರ ತೋಳುಗಳನ್ನು ಬೆನ್ನಿಗೆ ಸೇರಿಸಿ, ಮೂರು ಮಡಿಕೆ ಮಾಡಿ, ಕಾಲರನ್ನು ಮೇಲೆ ಬರುವ ಹಾಗೆ ಇಡಲಾಗಿತ್ತು. ಈ ಮನೆಯಲ್ಲಿ ಹಾಗೆ ಮಡಚುವವರು ಒಬ್ಬರೇ. ತಮ್ಮ ನೀಲಿ ಯೂನಿಫಾರ್ಮನ್ನು ಅವರು ದಿನಾ ಹೀಗೇ ಮಡಚುತ್ತಾರೆ.

ಅಡುಗೆಮನೆಗೆ ಹೋದೆ. ಅತ್ತೆ ಬಟಾಣಿ ಬಿಡಿಸುತ್ತಾ ಕೂತಿದ್ದರು.

"ಅತ್ತೆ, ನನ್ನ ಸೂಟ್‌ಕೇಸ್ ಯಾರಾದ್ರೂ ತೆಗೆದಿದ್ರಾ?"

"ಇನ್ಯಾರು ತೆಗೀತಾರೆ? ಮ್ಯಾನೇಜರು. ಆ ಜಿಪ್ಪು ಪೂರ್ತಿ ಮುಚ್ಚಲ್ವಲ್ಲ. ಸೋಮವಾರದಿಂದ ಮೂರು ಸಲ ಆ ಬಿಳಿ ಕೋಟನ್ನ ಹಾಲಿಗೆ ಎಳ್ಕೊಂಡು ಬಂದಿದೆ. ಮೂರು ಸಲಾನೂ ನನ್ನ ಮಗ ಒರೆಸಿ, ಇಸ್ತ್ರಿ ಮಾಡಿ, ಮಡಚಿ ವಾಪಸ್ ಇಟ್ಟಿದಾನೆ." ಅವರು ತಲೆ ಎತ್ತಲಿಲ್ಲ. "ಕೋಟು ಯಾಕೆ ತಗೊಂಡು ಹೋಗ್ತಿದೀಯ ಅಂತ ನಾನು ಕೇಳಲ್ಲಮ್ಮ. ಕೇಳಬೇಕಾದವನು ಕೇಳ್ಲಿ."

ಕೇಳಬೇಕಾದವರು ಅಂದು ಕೇಳಲಿಲ್ಲ. ಅಂದು ಸಂಜೆ ಗೇಟಿನ ತನಕ ಕಾರು ಹೋಗಿ ಬರುವ ಪಾಠ. ಅವರು ಮ್ಯಾನೇಜರಿಗೆ ಗೇರು ಎಂದರೇನು, ಬ್ರೇಕು ಎಂದರೇನು ಎಂದು ವಿವರಿಸಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಗೊತ್ತಿದ್ದೂ ಒಂದು ಮಾತು ಕೇಳದೆ, ಇಸ್ತ್ರಿ ಬೇರೆ ಮಾಡಿ ಇಟ್ಟಿದ್ದಾರಲ್ಲ! ನಾನು ಹೋಗುವುದು ಇವರಿಗೂ ಬೇಕಾಗಿದೆ ಎಂದೇ ನನಗನ್ನಿಸಿತು. ಅದರಿಂದ ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ, ನೋವಾಯಿತು.

ಗುರುವಾರ ಬೀದಿ ತುದಿಯ ತನಕ ಹೋಗುವ ದಿನ. ಶನಿವಾರ ಬೆಳಿಗ್ಗೆ ಹೊರಡಬೇಕು. ಇನ್ನೂ ಬೆಳಕಿತ್ತು. ಬೀದಿ ತುದಿಯ ಟೈರ್ ಅಂಗಡಿಯ ಮುಂದೆ ಅವರು ಕಾರು ತಿರುಗಿಸಲು ನಿಧಾನ ಮಾಡಿದರು.

"ಇಲ್ಲೇ ನಿಲ್ಲಿಸಿ," ಎಂದೆ.

"ಯಾಕೆ, ವಾಂತಿ ಮಾಡ್ತಿದೆಯಾ?"

"ಕೋಟು ಮಡಚಿ ಇಟ್ಟಿದ್ದು ನೀವೇನಾ?"

ಕಾರು ನಿಂತಿತು. ಅವರ ಕೈ ಗೇರಿನ ಮೇಲೆಯೇ ಉಳಿಯಿತು.

"ಹೂಂ."

"ಯಾಕೆ ತಗೊಂಡು ಹೋಗ್ತಿದೀಯ ಅಂತ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಅನ್ನಿಸ್ತು."

"ಮತ್ತೆ?"

"ಕೇಳಿದ್ರೆ ನೀನು ಉತ್ತರ ಹೇಳಿಬಿಡ್ತಿದ್ದೆ."

ನನ್ನ ಕಣ್ಣು ತುಂಬಿಕೊಂಡಿತು. ಸಿಟ್ಟಿಗೋ ಸುಸ್ತಿಗೋ ಗೊತ್ತಾಗಲಿಲ್ಲ. "ಇಸ್ತ್ರಿ ಮಾಡಿ ಇಟ್ರಲ್ಲ ರೀ! ನನ್ನ ಕಳಿಸಿಕೊಡೋಕೆ ಅಷ್ಟು ಅವಸರಾನಾ ಅಂದ್ಕೊಂಡೆ."

"ಅಯ್ಯೋ, ಹಾಗಲ್ಲ ಕಣೇ." ಅವರು ಗೇರಿನಿಂದ ಕೈ ತೆಗೆದರು. "ಅದರ ತುಂಬ ಇವನ ಜೊಲ್ಲು. ಹೊಸ ಜಾಗ, ಮೊದಲನೇ ದಿನ, ನೀನು ಸುಕ್ಕು ಕೋಟು ಹಾಕ್ಕೊಂಡು ನಿಲ್ಲಬಾರದು ಅಂತ. ತಡೆಯೋಕೆ ಯಾವ ಮುಖ ಇದೆ ನನಗೆ? ನನ್ನ ಕೈಲಿ ಅಷ್ಟೇ ಆಗಿದ್ದು."

ಮ್ಯಾನೇಜರ್ ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿತು.

"ನನಗೆ ನಿಮ್ಮ ಮೇಲೆ ಬೇಜಾರಿಲ್ಲ ರೀ," ಎಂದೆ. "ಸುಸ್ತಾಗಿದೆ, ಅಷ್ಟೇ. ಮನೆ ತುಂಬ ಜನ ಇದ್ದೂ ಒಬ್ಬಳೇ ಇದ್ದ ಹಾಗೆ ಆಗಿದೆ. ಅತ್ತೆಯ ಮಾತ್ರೆ, ಪುಟ್ಟಿಯ ಸ್ಕೂಲು, ಎಲ್ಲ ನನ್ನ ತಲೆ ಮೇಲೆ. ಭಾನುವಾರ ಕೂಡ ನೀವು ಇನ್ಯಾರದೋ ಬಾಗಿಲ ಹತ್ತಿರ."

"ಭಾನುವಾರ ಇನ್ಮೇಲೆ ಹೋಗಲ್ಲ. ಸೋಮವಾರಾನೇ ಆಫೀಸಿನಲ್ಲಿ ಹೇಳ್ದೆ, ಭಾನುವಾರದ ಲಿಸ್ಟಿನಲ್ಲಿ ನನ್ನ ಹೆಸರು ಬೇಡ ಅಂತ. ಇವತ್ತು ಒಪ್ಕೊಂಡ್ರು."

"ನನಗೆ ಯಾಕೆ ಹೇಳಿಲ್ಲ?"

"ಅವರು ಒಪ್ಪಿದ ಮೇಲೆ ಹೇಳೋಣ ಅಂತ…"

"ದೇವ್ರೇ!" ಹಣೆ ಚಚ್ಚಿಕೊಂಡೆ. "ಅದೂ ಬೇಕು, ಬೇಡ ಅನ್ನಲ್ಲ. ಆದ್ರೆ ಕಂಡವರಿಗೆಲ್ಲ ಗಂಟೆಗಟ್ಟಲೆ ಮಾತಾಡ್ತೀರ. ನನಗೆ ಒಂದೇ ಒಂದು ಮಾತು ಹೇಳಿ. ಈ ಮರಿಗಲ್ಲ, ಕನ್ನಡಿಗಲ್ಲ. ನನ್ನ ಮುಖ ನೋಡಿ ಹೇಳಿ."

ಅವರು ಎಂಜಿನ್ ಆಫ್ ಮಾಡಿದರು. ಸೀಟಿನಲ್ಲಿ ಪೂರ್ತಿ ನನ್ನ ಕಡೆಗೆ ತಿರುಗಿದರು. ದಣಿದ ಕಣ್ಣು, ಅವುಗಳ ಕೆಳಗೆ ಕಪ್ಪು. ನನ್ನ ಕಣ್ಣುಗಳೂ ಹಾಗೇ ಇದ್ದಿರಬೇಕು.

"ಹೋಗ್ಬೇಡ," ಎಂದರು. "ಬೆಳಿಗ್ಗೆ ಕ್ಲಿಪ್ಪನ್ನ ಹಲ್ಲಲ್ಲಿ ಕಚ್ಚಿಕೊಂಡು ಕೂದಲು ಕಟ್ತಾ ಏನೋ ಬೈತಿರ್ತೀಯಲ್ಲ, ಅದರಲ್ಲಿ ಒಂದಕ್ಷರನೂ ನನಗೆ ಅರ್ಥ ಆಗಲ್ಲ. ಅದನ್ನ ಕೇಳೋಕೇ ಬೇಗ ಏಳ್ತೀನಿ ನಾನು. ಅದಿಲ್ಲದ ಮನೇಲಿ ಎದ್ದು ಏನು ಮಾಡ್ಲಿ? ನಿನ್ನ ಕಂಡ್ರೆ ನನಗೆ ತುಂಬ ಇಷ್ಟ ಕಣೇ. ಆವತ್ತಿಗಿಂತ ಈಗ ಜಾಸ್ತಿ. ಬಾಯಿ ಬಿಟ್ಟು ಹೇಳ್ದೇ ಇದ್ದಿದ್ದು ನನ್ನ ತಪ್ಪು."

ನನಗೆ ಅಳು ಬಂತು. ಜೋರಾಗಿಯೇ ಅತ್ತುಬಿಟ್ಟೆ, ಟೈರ್ ಅಂಗಡಿಯವನು ಕತ್ತು ಉದ್ದ ಮಾಡಿ ನೋಡಿದರೂ ಲೆಕ್ಕಿಸದೆ. ಅವರು ನನ್ನ ಕೈ ಹಿಡಿದುಕೊಂಡರು. ಹಿಡಿದ ಕೈಗೆ ನಾನು ಹಣೆ ಆನಿಸಿದೆ. ಗ್ರೀಸು ತೊಳೆಯುವ ಸೋಪಿನ ವಾಸನೆ ಬಂತು. ಎಷ್ಟೋ ದಿನದ ಮೇಲೆ ಭುಜದ ಮೇಲಿನ ಭಾರವನ್ನು ಯಾರೋ ಒಂದು ಕಡೆಯಿಂದ ಎತ್ತಿಕೊಂಡ ಹಾಗಾಯಿತು. ಪೂರ್ತಿ ಇಳಿಯಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಅರವತ್ತು ಜನರಿಗೆ ಉಸಿರು ಹಿಡಿಯಲು ಹೇಳಬೇಕು. ಆದರೂ ಸಾಕೆನಿಸಿತು.

ಇದನ್ನೆಲ್ಲ ತಾಳ್ಮೆಯಿಂದ ನೋಡುತ್ತಿದ್ದ ಮ್ಯಾನೇಜರ್ ಸಾಹೇಬರು ಆಗ ನನ್ನ ಮಡಿಲಿಂದ ಕತ್ತು ಚಾಚಿ, ಒಮ್ಮೆ ಬಿಕ್ಕಿ, ನನ್ನ ಗಂಡನ ಪ್ಯಾಂಟಿನ ಮೇಲೆ ಧಾರಾಳವಾಗಿ ವಾಂತಿ ಮಾಡಿದರು.

"ಎಂಜಿನ್ ಆಫ್ ಇತ್ತಲ್ಲೋ!" ಎಂದು ಅವರು ಕೂಗಿದರು. ನಾನು ಅಳುತ್ತಲೇ ನಗತೊಡಗಿದೆ.

ಟಿಶ್ಯೂ ಹುಡುಕುತ್ತಿದ್ದಾಗ ಫೋನು ಬಂತು. ಅಕ್ಕ.

"ಮಹಡಿ ರೂಮಿಗೆ ಮಂಚ ಹಾಕಿಸ್ದೆ ಕಣೇ," ಎಂದಳು. "ಪುಟ್ಟಿಗೆ ಇಲ್ಲಿ ಸ್ಕೂಲು ವಿಚಾರಿಸಿಡ್ಲಾ?"

"ಬೇಡ ಅಕ್ಕ. ನಾಲ್ಕು ದಿನ ಇದ್ದು ಎಲ್ಲರೂ ಒಟ್ಟಿಗೇ ವಾಪಸ್ ಬರ್ತೀವಿ."

"ಯಾಕೆ, ನಿನ್ನ ಗಂಡ ಏನಾದ್ರೂ ಅಂದ್ರಾ?"

"ಅಂದ್ರು."

"ಅಬ್ಬಾ, ಕೊನೆಗೂ ಬಾಯಿ ಬಿಟ್ರಾ? ಏನಂದ್ರು? ಹೇಳೇ, ಏನಂದ್ರು?"

ನಾನು ಪಕ್ಕಕ್ಕೆ ನೋಡಿದೆ. ಅವರು ಪ್ಯಾಂಟು ಒರೆಸುವ ನೆಪದಲ್ಲಿ ತಲೆ ಬಗ್ಗಿಸಿ, ಒರೆಸುವುದನ್ನೇ ಮರೆತು, ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಹೇಳಲ್ಲ ಅಕ್ಕ," ಎಂದೆ. "ಅದು ನನಗೆ ಹೇಳಿದ್ದು."