ಅಪ್ಪನ ಜಪ ನಿಂತಿತು

ಹೆಣ್ಣು ನೋಡಲು ಬಂದ ಗಂಡು ಹೆಣ್ಣನ್ನು ಬಿಟ್ಟು ಅವಳಪ್ಪನನ್ನೇ ನೋಡುತ್ತ ಕೂತರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ನೀರಜಾಗೂ ಉರಿಯಿತು. ಆದರೂ ತಲೆ ತಗ್ಗಿಸಿ ಕಾಫಿ ಲೋಟ ಇಟ್ಟಳು. ಅದು ಅರವತ್ತೆರಡನೇ ಇಸವಿಯ ಮದರಾಸು. ತಿರುವಲ್ಲಿಕ್ಕೇಣಿಯ ಆ ಮನೆಯ ಹುಡುಗಿಗೆ ಇದ್ದ ಸ್ವಾತಂತ್ರ್ಯ ಅಷ್ಟೇ.

ಈಸಿಚೇರಿನಲ್ಲಿ ಅವಳ ತಂದೆ ಪಂಢರಿನಾಥರು ಗೋಡೆ ದಿಟ್ಟಿಸುತ್ತಿದ್ದರು. ತುಟಿ ಪಿಟಿಪಿಟಿ ಅಲ್ಲಾಡುತ್ತಿತ್ತು. ಬೆರಳು ಉತ್ತರೀಯದ ಅಂಚನ್ನು ತಡಕುತ್ತಿತ್ತು.

"ಮರೆವು ಬಂದು ಮಗಳ ಹೆಸರೂ ಹೋಯ್ತು. ಜಪ ಮಾತ್ರ ಬಿಟ್ಟಿಲ್ಲ ನೋಡಿ," ಎಂದರು ತಾಯಿ ಜಾನಕಮ್ಮ. "ಎದುರುಮನೆ ಮಾಮಿ ದಿನಾ ಬಂದು ನಮಸ್ಕಾರ ಮಾಡ್ಕೊಂಡು ಹೋಗ್ತಾರೆ."

ಗಂಡಿನ ತಾಯಿ ಅಮ್ಮಣ್ಣಿಯವರೂ ಕೈ ಮುಗಿದರು. ಜಪದಲ್ಲಿರುವವರನ್ನು ಮುಟ್ಟಬಾರದು, ಮಾತಾಡಿಸಬಾರದು. ಹಾಗಾಗಿ ಆ ಮನೆಯಲ್ಲಿ ಇದುವರೆಗೆ ಯಾರೂ ಮುಟ್ಟಿರಲಿಲ್ಲ.

ಡಾಕ್ಟರ್ ವರ ಮಧ್ವರಾಜ ಎದ್ದುಹೋಗಿ ಮುಟ್ಟಿದ. ಭುಜ ಅಲುಗಿಸಿ ಕರೆದ. ಮುದುಕರ ಕಣ್ಣು ಮಿಟುಕಲಿಲ್ಲ.

"ಕೈ ತೆಗೀರಿ," ಎಂದಳು ನೀರಜಾ. ಅವನ ಜೊತೆ ಅವಳು ಆಡಿದ ಮೊದಲ ಮಾತು ಅದು.

"ಇದು ಜಪ ಅಲ್ಲರೀ, ಫಿಟ್ಸ್. ಹೀಗೆ ಮರೆವು ಬಂದವರಲ್ಲಿ ಕೆಲವರಿಗೆ ಸದ್ದಿಲ್ಲದೆ ಬರುತ್ತೆ. ಆಸ್ಪತ್ರೇಲಿ ನೋಡಿದ್ದೀನಿ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮಣ್ಣಿಯವರು ಕೇಸರಿಬಾತಿನ ತಟ್ಟೆ ಕೆಳಗಿಟ್ಟರು. "ವಂಶದಲ್ಲಿ ಫಿಟ್ಸಾ? ಏಳೋ ರಾಜ."

ಹೋಗಿಯೇಬಿಟ್ಟರು.

'ನಾನು ಹಿಡಿಸಲಿಲ್ಲ ಅಂದಿದ್ದರೆ ಸಾಕಿತ್ತು... ಅದಕ್ಕೆ ಅಪ್ಪನ ಮಾನ ಕಳೀಬೇಕಿತ್ತಾ?' ನೀರಜಾ ಅಡುಗೆಮನೆಯಲ್ಲಿ ಕೂತು ಅತ್ತಳು. ಸುದ್ದಿ ಬೀದಿಗೆಲ್ಲ ಹಬ್ಬಿತು. ಮತ್ತೊಂದು ಗಂಡು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮಾರ್ಗಶಿರದ ಒಂದು ಬೆಳಿಗ್ಗೆ ಪಂಢರಿನಾಥರು ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ತುಟಿ ಅಲ್ಲಾಡಿತು. ನೀರಜಾ ಎಂದಿನಂತೆ ಭಕ್ತಿಯಿಂದ ದೂರ ಸರಿದಳು. ಹಾಗೆ ಸರಿದದ್ದಕ್ಕೆ ಆಮೇಲೆ ತನ್ನನ್ನು ತಾನೇ ಎಷ್ಟು ಶಪಿಸಿಕೊಂಡಳೋ! ಅವರ ಮೈ ಸೆಟೆಯಿತು, ಕೈಕಾಲು ಅದುರಿತು, ಕಲ್ಲಿನ ಮೇಲೆ ಬಿದ್ದು ತೊಡೆಯ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಎದುರಾದವನು ಅವನೇ.

"ನೀವು ಹೇಳಿದ್ರಿ. ನಾವು ಕೇಳಲಿಲ್ಲ," ಎಂದಳು.

"ಎಲ್ಲರ ಎದುರು ಹೇಳಿದ್ದು ನನ್ನ ತಪ್ಪು. ನಿಮ್ಮನ್ನ ಕರೆದು ಹೇಳಬೇಕಿತ್ತು," ಎಂದ ಮಧ್ವರಾಜ. "ಮಾತ್ರೆ ಕೊಡ್ತೀನಿ. ಮರೆವು ವಾಸಿಯಾಗಲ್ಲ. ಈ ಫಿಟ್ಸ್ ನಿಲ್ಲಬಹುದು."

ನಿಂತಿತು. ಮನೆಗೆ ಬಂದ ಮೇಲೆ ಪಂಢರಿನಾಥರ ತುಟಿ ಅಲ್ಲಾಡಲಿಲ್ಲ, ಬೆರಳು ಏನನ್ನೂ ತಡಕಲಿಲ್ಲ. ಜಾನಕಮ್ಮ ಸಂಧ್ಯಾವಂದನೆಯ ಪಂಚಪಾತ್ರೆ ತಂದು ಅವರ ಕೈಗಿತ್ತರು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನು?" ಎಂದರು.

"ಅದೊಂದಾದ್ರೂ ಉಳಿದಿದೆ ಅಂದ್ಕೊಂಡಿದ್ದೆ ಕಣೇ," ಎಂದು ಜಾನಕಮ್ಮ ಮಗಳ ಹೆಗಲ ಮೇಲೆ ಬಿಕ್ಕಿದರು. ಎದುರುಮನೆ ಮಾಮಿ ಬರುವುದನ್ನು ನಿಲ್ಲಿಸಿದರು.

ಕಾಲು ನೋಡಲು ಬಂದ ಮಧ್ವರಾಜನನ್ನು ನೀರಜಾ ಜಗುಲಿಯಲ್ಲೇ ತಡೆದಳು.

"ಅಮ್ಮನಿಗೆ ಇದ್ದದ್ದು ಅದೊಂದೇ ಸಮಾಧಾನ. ಅದನ್ನೂ ಕಿತ್ಕೊಂಡ್ರಿ. ಎಲ್ಲ ನನ್ನನ್ನ ಬೇಡ ಅನ್ನೋಕೆ..."

"ಬೇಡ ಅಂದವರು ಯಾರು?" ಅವನ ದನಿ ಕುಗ್ಗಿತು. "ಒಪ್ಪಿದ್ದಕ್ಕೇ ಅವತ್ತು ಸುಮ್ಮನಿರೋಕಾಗಲಿಲ್ಲ. ನಮ್ಮವರಾಗ್ತಾರೆ ಅಂತಲೇ ಮುಟ್ಟಿದೆ. ಇವತ್ತೂ ಒಪ್ಪಿದ್ದೀನಿ. ನಮ್ಮಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಮದುವೆಗೂ ಬರಲ್ಲ."

ನೀರಜಾ ತಲೆ ಎತ್ತಿ ಅವನನ್ನು ನೋಡಿದಳು. ಇಷ್ಟು ದಿನ ಇವನನ್ನೇ ಬೈದುಕೊಂಡೆನಲ್ಲ...

"ಮುಂದೆ ನನಗೂ ಹೀಗಾದರೆ? ಜಪ ಮಾಡ್ತಿದ್ದಾಳೆ ಅಂತ ಜನಕ್ಕೆ ಸುಳ್ಳು ಹೇಳ್ತೀರಾ?"

"ಹೇಳಲ್ಲ."

"ದೂರ ನಿಲ್ತೀರಾ?"

"ಇಲ್ಲ. ಮುಟ್ಟಿ ಕರೀತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲು ಬಿಟ್ಟು ಸರಿದಳು.

"ಬನ್ನಿ. ನೀವು ಯಾರು ಅಂತ ಅಪ್ಪ ಕೇಳ್ತಾರೆ. ಅಳಿಯ ಅಂತ ಹೇಳಿ."

"ಸರಿ."

"ನಾಳೆ ಮತ್ತೆ ಯಾರು ಅಂತಾರೆ."

"ನಾಳೆ ಮತ್ತೆ ಹೇಳ್ತೀನಿ."