ಕೊಕ್ಕರೆಯ ಕೊಕ್ಕಿನಲ್ಲಿ ಮೀನು

ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಬೆರೆತ ವಾಸನೆ. ನಾನು ಏಳೆಂಟು ವರ್ಷದವಳಿದ್ದಾಗ ನಮ್ಮ ಬೀದಿಯಲ್ಲಿ ಬೋರ್ಡ್ ಬರೆಯುವವರ ಅಂಗಡಿಯಿಂದ ಅದು ಬರುತ್ತಿತ್ತು. ಬಾಗಿಲಲ್ಲಿ ನಿಂತ ಮಕ್ಕಳಿಗೆಲ್ಲ ಅವರು ಉಳಿದ ಬಣ್ಣವನ್ನು ಹೆಂಚಿನ ಚೂರಿಗೆ ಸವರಿ ಕೊಡುತ್ತಿದ್ದರು. ಅರವತ್ತು ವರ್ಷಗಳ ಮೇಲೆ ಅದೇ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಬೆಳಗಿನ ಏಳೂವರೆಗೆ, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಗೇಟಿನ ಕೆಳಗೆ, ಕಳ್ಳತನ ನಡೆದ ಜಾಗದಲ್ಲಿ.

ಕಳುವಾದದ್ದು ಒಂದು ಬೋರ್ಡು. ಮೂರು ತಿಂಗಳ ಹಿಂದೆ ಕ್ಲಬ್ಬನ್ನು ಕೊಂಡ ಹೊಸ ಮಾಲೀಕರು ಹೆಸರು ಬದಲಾಯಿಸಿದ್ದರು. ಹಸಿರು ಜೆರ್ಸಿಯನ್ನು ನೇರಳೆ ಮಾಡಿದ್ದರು. ನಮ್ಮ ಕೊಕ್ಕರೆಯನ್ನು ಗೋದಾಮಿಗೆ ಕಳಿಸಿ ಚಿರತೆಯನ್ನು ತಂದಿದ್ದರು. ಆ ನೇರಳೆ ಚಿರತೆಯ ತಗಡಿನ ಬೋರ್ಡನ್ನು ನಿನ್ನೆ ಸಂಜೆ ಗೇಟಿನ ಕಮಾನಿಗೆ ಬಿಗಿದು ಬಟ್ಟೆ ಮುಚ್ಚಿದ್ದರು. ಇವತ್ತು ನಾಲ್ಕಕ್ಕೆ ಅನಾವರಣ. ಬೆಳಿಗ್ಗೆ ಮ್ಯಾನೇಜರು ಏಣಿ ಹತ್ತಿ ಬಟ್ಟೆ ಸರಿಸಿದರೆ ಚಿರತೆ ಮಾಯ. ಅದರ ಜಾಗದಲ್ಲಿ ಹಳೆಯ ಕೊಕ್ಕರೆ! ಬಟ್ಟೆಯನ್ನು ಹಾಗೇ ಇಳಿಬಿಟ್ಟು ಪೊಲೀಸರಿಗೆ ಫೋನ್ ಮಾಡಿದರು.

ಬಂದ ಇನ್ಸ್‌ಪೆಕ್ಟರ್ ನನ್ನ ತಂಗಿಯ ಮಗಳು. ಫುಟ್‌ಬಾಲ್ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. ಅದಕ್ಕೇ, ನಲವತ್ತು ವರ್ಷದಿಂದ ಇಲ್ಲಿನ ಒಂದು ಪಂದ್ಯವನ್ನೂ ತಪ್ಪಿಸದ ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಬಂದಿದ್ದಳು.

ಇನ್ನೂ ಜನ ಸೇರಿರಲಿಲ್ಲ. ಅವಳು ಕೋಲಿನಿಂದ ಬಟ್ಟೆ ಎತ್ತಿದಳು.

"ಅಯ್ಯೋ!" ಎಂದೆ.

"ಏನಾಯ್ತು ದೊಡ್ಡಮ್ಮ?"

"ಮೀನು ಕಣೇ. ಕೊಕ್ಕಲ್ಲಿ ಬೆಳ್ಳಿ ಮೀನು ಬರೆದಿದ್ದಾರೆ. ಬಣ್ಣ ಇನ್ನೂ ಹಸಿ."

ಅವಳಿಗೆ ಅರ್ಥವಾಗಲಿಲ್ಲ. ಹೇಳಿದೆ. ಮೊದಲು ನಮ್ಮ ಕೊಕ್ಕರೆಯ ಕೊಕ್ಕಿನಲ್ಲಿ ಮೀನಿತ್ತು. ಮೂವತ್ತೊಂದು ವರ್ಷದ ಹಿಂದೆ ಫೈನಲ್ಲಿನ ಕೊನೆಯ ನಿಮಿಷದಲ್ಲಿ ಸೋತೆವು. ಮರುದಿನ ಅಭಿಮಾನಿಗಳೇ ಏಣಿ ತಂದು ಮೀನನ್ನು ಕೆರೆದು ಹಾಕಿದರು. ಕಪ್ ಗೆಲ್ಲುವ ತನಕ ಕೊಕ್ಕರೆಗೂ ಉಪವಾಸ! ಅಂದಿನಿಂದ ಬಾವುಟದಲ್ಲಿ, ಜೆರ್ಸಿಯಲ್ಲಿ, ಎಲ್ಲೂ ಮೀನಿಲ್ಲ.

ಅವಳು ಬಟ್ಟೆ ಇಳಿಸಿದಳು. "ಈ ಮಾತು ನಮ್ಮಿಬ್ಬರಲ್ಲೇ ಇರಲಿ."

*

ಅನುಮಾನ ನೇರವಾಗಿ ಮೈದಾನ ನೋಡಿಕೊಳ್ಳುವವನ ಮೇಲೆ ಬಿತ್ತು. ಗೋದಾಮಿಗೆ ಇರುವುದು ಎರಡೇ ಕೀಲಿಕೈ. ಒಂದು ಅವನ ಸೊಂಟದಲ್ಲಿ, ಇನ್ನೊಂದು ಮಾಲೀಕರು ಉಳಿದುಕೊಂಡಿದ್ದ ಆಫೀಸಿನ ಮಹಡಿಯಲ್ಲಿ. ಮೊನ್ನೆ ಸಭೆಯಲ್ಲಿ ಅವನೇ ಎದ್ದು, "ಆ ಚಿರತೆ ನನ್ನ ಹುಲ್ಲಿನ ಮೇಲೆ ಕಾಲಿಡಕೂಡದು" ಎಂದು ಕೂಗಾಡಿದ್ದ.

"ನಾಲ್ಕು ಗಂಟೆಯೊಳಗೆ ಬೋರ್ಡ್ ಬರಬೇಕು," ಎಂದರು ಮಾಲೀಕರು. "ಇಲ್ಲಾಂದ್ರೆ ಕೆಲಸನೂ ಇಲ್ಲ, ಮನೆನೂ ಇಲ್ಲ."

ಮನೆ ಎಂದರೆ ಗ್ಯಾಲರಿಯ ಕೆಳಗಿನ ಎರಡು ಕೋಣೆ. ಇಪ್ಪತ್ತಾರು ವರ್ಷ ಅವನೂ ಅವನ ಹೆಂಡತಿಯೂ ಅಲ್ಲೇ ಬದುಕಿದ್ದರು. ಅವನು ಡ್ರೆಸ್ಸಿಂಗ್ ಕೋಣೆಯ ಬೆಂಚಿನ ತುದಿಯಲ್ಲಿ ಕೂತು ಬೂಟಿನ ಮಣ್ಣು ಕೆರೆಯತೊಡಗಿದ. ಕಾವಲಿಗೆ ನಿಂತ ಪೇದೆ ಮೆಲ್ಲಗೆ ಫ್ಯಾನನ್ನು ಅವನ ಕಡೆ ತಿರುಗಿಸಿದ.

"ಸದ್ದು ಮಾಡ್ಬೇಡಿ," ಮ್ಯಾನೇಜರು ಪಿಸುಗುಟ್ಟಿದರು. "ಮಾಲೀಕರ ತಾಯಿ ಮೇಲೆ ಮಲಗಿದ್ದಾರೆ. ಯಾಕೋ ಇವತ್ತು ಎದ್ದೇ ಇಲ್ಲ."

*

ಹನ್ನೊಂದಕ್ಕೆ ಬಾಗಿಲು ದಢಾರನೆ ತೆರೆಯಿತು. ಕ್ಷೌರದಂಗಡಿಯವನು ಬಂದ. ಪ್ರತಿ ಪಂದ್ಯಕ್ಕೂ ತುತ್ತೂರಿ ಊದಿ ಊದಿ ಅವನ ಹೆಸರೇ ತುತ್ತೂರಿ ಆಗಿತ್ತು.

"ಮೇಡಂ, ಅವನನ್ನ ಬಿಟ್ಬಿಡಿ. ಕದ್ದಿದ್ದು ನಾನು."

"ಸುಳ್ಳು!" ಹಿಂದಿನಿಂದ ಟಿಕೆಟ್ ಕೊಡುವಾಕೆ ನುಗ್ಗಿದಳು. "ಇವನಿಗೆ ಸ್ಟೂಲ್ ಹತ್ತಿದ್ರೇ ತಲೆ ಸುತ್ತತ್ತೆ. ನಾನು ಕದ್ದಿದ್ದು ಮೇಡಂ. ಅದೇನು ಚಿರತೆನಾ? ಕಜ್ಜಿ ಹಿಡಿದ ಬೆಕ್ಕು!"

"ಸಾಲಲ್ಲಿ ಬಾರಮ್ಮ, ನಾನು ಮೊದ್ಲು ಬಂದಿದ್ದು," ಎಂದ ಅಂಚೆಯವನು.

ಹೊರಗೆ ನೋಡಿದರೆ ಹಸಿರು ಜೆರ್ಸಿ ತೊಟ್ಟ ನಲವತ್ತು ಜನ ತಪ್ಪೊಪ್ಪಿಕೊಳ್ಳಲು ಸಾಲುಗಟ್ಟಿದ್ದರು. ಯಾರೋ ಹಾಡು ಶುರು ಮಾಡಿದ್ದರು.

ನನ್ನ ತಂಗಿಯ ಮಗಳು ನನ್ನ ಕಿವಿಯಲ್ಲಿ ಹೇಳಿದಳು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರನ್ನ ಕಂಡಿದೀನಿ ದೊಡ್ಡಮ್ಮ. ಇವರು ಕುಂಬಳಕಾಯಿನೇ ಹೊತ್ಕೊಂಡು ಬಂದಿದ್ದಾರೆ." ಆಮೇಲೆ ಗಟ್ಟಿಯಾಗಿ ಕೇಳಿದಳು. "ಸರಿ ತುತ್ತೂರಿಯವರೇ, ಮೀನು ಯಾಕೆ ಬರೆದ್ರಿ?"

"ಮೀನಾ?"

"ಕೊಕ್ಕರೆ ಬಾಯಲ್ಲಿ."

ತುತ್ತೂರಿಯ ಮುಖ ಬಿಳಿಚಿತು. ಟಿಕೆಟಿನಾಕೆ ಕೂತೇಬಿಟ್ಟಳು. ಬೆಂಚಿನ ತುದಿಯಲ್ಲಿ ಕೂತಿದ್ದ ಮೈದಾನದವನು ಎದ್ದು ನಿಂತ. "ಇನ್ನೆಂಟು ದಿನಕ್ಕೆ ಸೆಮಿಫೈನಲ್ ಮೇಡಂ! ಯಾವ ಪಾಪಿ ಈ ಕೇಡು ಬಗೆದದ್ದು? ನನ್ನನ್ನ ಆಮೇಲೆ ಹಿಡಿಯಿರಿ, ಮೊದ್ಲು ಆ ಮೀನನ್ನ ಅಳಿಸಿ!"

ಅವಳು ನಕ್ಕಳು. "ನೀವೆಲ್ಲ ಹೊರಡಿ. ನೀವ್ಯಾರೂ ಅಲ್ಲ."

*

ಅಂಗಳದಲ್ಲಿ ಮಾಲೀಕರ ಡ್ರೈವರು ಕಾರು ಒರೆಸುತ್ತಿದ್ದ. ಒಳಗಿನ ಸೀಟಿನ ಮೇಲೆ ಎರಡು ದೊಡ್ಡ ಸೂಟ್‌ಕೇಸು ಇದ್ದವು.

"ಡಿಕ್ಕಿ ಖಾಲಿ ಇಲ್ವೇನಪ್ಪ?" ಎಂದಳು ನನ್ನ ತಂಗಿಯ ಮಗಳು.

ಅವನ ಕೈಯಿಂದ ಬಟ್ಟೆ ಜಾರಿತು. ಡಿಕ್ಕಿ ತೆರೆದರೆ, ಹಾಸಿಗೆಯ ಚಾದರದಲ್ಲಿ ಮಗುವಿನಂತೆ ಸುತ್ತಿಟ್ಟ ನೇರಳೆ ಚಿರತೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಹಿಂದೆಯೇ ಬಂದಿದ್ದ ಮಾಲೀಕರು ಬಗ್ಗಿ ಚಾದರ ಸರಿಸಿ ನೋಡಿದರು.

"ಕಳ್ಳರು ಕೋಪದಲ್ಲಿ ಬಂದವರಲ್ಲ ಸಾರ್," ಎಂದಳು ಅವಳು. "ಚಿರತೆಯ ಸ್ಕ್ರೂಗಳನ್ನ ಒಂದೂ ಬಿಡದೆ ಪೊಟ್ಟಣ ಕಟ್ಟಿ ಕಮಾನಿನ ಮೇಲಿಟ್ಟಿದ್ರು. ಮೀನಿದ್ದ ಕೊಕ್ಕರೆ ಅವರಿಗೆ ಗೊತ್ತು, ಮೀನು ಕೆರೆದದ್ದು ಗೊತ್ತಿಲ್ಲ. ಅಂದ್ರೆ ಮೂವತ್ತೊಂದು ವರ್ಷಕ್ಕೂ ಮುಂಚೆ ಇಲ್ಲಿಂದ ಹೋದವರು. ಎರಡನೇ ಕೀಲಿಕೈ ನಿಮ್ಮ ಮಹಡಿಯಲ್ಲಿತ್ತು. ಇನ್ನು ಬಣ್ಣ..."

"ಅಗಸೆ ಎಣ್ಣೆಯ ಬಣ್ಣ," ಎಂದೆ ನಾನು. "ಮೈದಾನದವರ ಹತ್ತಿರ ಇರೋದು ಗೆರೆ ಎಳೆಯೋ ಸುಣ್ಣ ಮಾತ್ರ. ಎಣ್ಣೆ ಕಲಸಿ ಬಣ್ಣ ಮಾಡೋದನ್ನ ನಮ್ಮ ಬೀದಿಯ ಬೋರ್ಡ್ ಬರೆಯೋರು ಒಬ್ಬರಿಗೆ ಕಲಿಸಿದ್ರು. ಅವರ ಮಗಳಿಗೆ. ಮದುವೆಯಾಗಿ ದೂರ ಹೋದಳು."

"ಎಷ್ಟು ಹೊತ್ತು ಮಲಗಿಬಿಟ್ಟೆನಲ್ಲ!" ಮೇಲಿನಿಂದ ದನಿ ಬಂತು. ಮೆಟ್ಟಿಲು ಇಳಿಯುತ್ತಿದ್ದವರು ಮಾಲೀಕರ ತಾಯಿ. ಬೆರಳ ತುದಿಯಲ್ಲಿ ಬೆಳ್ಳಿಬಣ್ಣ. "ಡ್ರೈವರನ್ನ ಬೈಬೇಡ ಕಣೋ. ಐದು ಗಂಟೆಗೆ ಎಬ್ಬಿಸಿ ಏಣಿ ಹತ್ತಿಸಿದ್ದು ನಾನು. ನಾಲ್ಕಕ್ಕೆ ಬಟ್ಟೆ ಬಿದ್ದಾಗ ನೀನೇ ನೋಡಲಿ ಅಂತ."

"ಅಮ್ಮ! ಈ ಕ್ಲಬ್ ಕೊಂಡಿದ್ದೇ ನಿನಗೋಸ್ಕರ."

"ನಿಮ್ಮಜ್ಜ ಬರೆದ ಕೊಕ್ಕರೆ ಅಂತ ಸಾವಿರ ಸಲ ಹೇಳಿದ್ದೆ. ನೀನು ಬೆಕ್ಕು ತಂದೆ."

"ಆಗ್ಲೇ ಹೇಳಲಿಲ್ವಾ, ಬೆಕ್ಕು!" ಎಂದಳು ಟಿಕೆಟಿನಾಕೆ.

ಮಾಲೀಕರು ಮೊದಲು ಕೆಂಪಾದರು. ಆಮೇಲೆ, ಸುತ್ತಲಿದ್ದ ಅಷ್ಟೂ ಹಸಿರನ್ನು ನೋಡಿ ನಕ್ಕೇಬಿಟ್ಟರು. ಕೊಕ್ಕರೆ ಇರಲಿ ಎಂದರು. ಹೆಸರೂ ಹಳೆಯದೇ ಎಂದರು. ತುತ್ತೂರಿ ಊದಿದ ರಭಸಕ್ಕೆ ಗ್ಯಾಲರಿಯ ಪಾರಿವಾಳಗಳೆಲ್ಲ ಹಾರಿದವು.

ಮೀನಿನ ಕಥೆ ಕೇಳಿದ ತಾಯಿ ಬೋರ್ಡನ್ನು ಇಳಿಸಲು ಹೇಳಿದರು. ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ, ತಾವೇ ಮೀನನ್ನು ಒರೆಸಿದರು.

"ಕಪ್ ಗೆಲ್ಲಿ, ಬಂದು ಬರೆದುಕೊಡ್ತೀನಿ. ಬೇಗ ಗೆಲ್ಲಿ ಮಾರಾಯ್ರೇ, ನನಗೂ ವಯಸ್ಸಾಗ್ತಿದೆ."

*

ಗದ್ದಲ ಗೇಟಿನ ಕಡೆ ಹೋಯಿತು. ಮೈದಾನದವನು ಮಾತ್ರ ಗ್ಯಾಲರಿಯ ಕೆಳಗಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಕೀಲಿಕೈ ಗೊಂಚಲು ಪಕ್ಕದಲ್ಲೇ ಇತ್ತು, ಒಪ್ಪಿಸಲು ಬಿಚ್ಚಿಟ್ಟಿದ್ದ ಹಾಗೆ.

ಮಾಲೀಕರು ಹುಲ್ಲಿಗೆ ಕಾಲಿಡದೆ ಅಂಚಿನಲ್ಲೇ ಸುತ್ತಿ ಬಂದರು. ಕೈಯಲ್ಲಿ ಅತಿಥಿಗಳ ಊಟದ ತಟ್ಟೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಬಗ್ಗಿ ಗೊಂಚಲನ್ನು ಎತ್ತಿ ಅವನ ಜೇಬಿಗೆ ಹಾಕಿದರು. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕೈಗೆ ಕೊಟ್ಟರು.